ಲೈಬ್ರರಿಯೊಳಗೆ ಕೋಳಿ ಬಿಟ್ಟವರು

ಆನ್‌ಲೈನ್ ಆಟದಲ್ಲಿ ಅನ್ಯಾಯ ಆಗುವುದು ಅಂದ್ರೆ ಹೋಟೆಲಿನಲ್ಲಿ ಲೋಟ ಬೀಳುವ ಹಾಗೆ. ದಿನಾ ಬೀಳ್ತದೆ. ಬಿದ್ದಾಗೆಲ್ಲ ಎಲ್ಲರೂ ಇವತ್ತೇ ಮೊದಲು ಬಿದ್ದದ್ದು ಅನ್ನುವ ಹಾಗೆ ತಿರುಗಿ ನೋಡ್ತಾರೆ, ಆಮೇಲೆ ತಮ್ಮ ತಮ್ಮ ದೋಸೆ ತಿನ್ತಾರೆ. ಲೋಟ ಯಾರದ್ದೋ ಅವರಿಗೆ ಮಾತ್ರ ಕಾಫಿ ಹೋಯ್ತು. ಈ ಸಲ ಲೋಟ ನನ್ನದು. ಅದಕ್ಕೇ ಹೇಳ್ತಿದ್ದೇನೆ. ಮನೆಯವರಿಗೆ ಬಿಟ್ಟು ಇದುವರೆಗೆ ಯಾರಿಗೂ ಹೇಳಿಲ್ಲ, ಯಾಕಂದ್ರೆ ನಾನು ಸಾಮಾನ್ಯವಾಗಿ ಯಾರಿಗೂ ಏನೂ ಹೇಳುವುದಿಲ್ಲ. ಶಾಲೆಯಲ್ಲಿ ಹಾಜರಿ ಕರೆದಾಗ ನಾನು ಹೇಳುವ 'ಪ್ರೆಸೆಂಟ್ ಮಿಸ್' ನನಗೇ ಕೇಳುವುದಿಲ್ಲ. ಪಕ್ಕದವಳು ನನ್ನ ಪರವಾಗಿ ಇನ್ನೊಮ್ಮೆ ಹೇಳ್ಬೇಕು.

ನಮ್ಮದು ವಡಪಳನಿಯಲ್ಲಿ ಸಸ್ಯಾಹಾರಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಅಜ್ಜ ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದು ಶುರು ಮಾಡಿದ್ದು, ಈಗ ಅಪ್ಪ ನೋಡಿಕೊಳ್ತಾರೆ. ನಾನು ಹನ್ನೊಂದನೇ ಕ್ಲಾಸು. ಓದುವುದು ಇಷ್ಟ, ಮಾತಾಡುವುದು ಕಷ್ಟ.

ನಾವು ಆಡುವುದು ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ, ಸೇತುವೆ, ಊರು ಎಲ್ಲ ಕಟ್ಟುವ ಒಂದು ಆಟ. ಎಲ್ಲರೂ ಅವರವರ ಮನೆಯಲ್ಲೇ ಕೂತು ಒಂದೇ ಲೋಕದೊಳಗೆ ಬರ್ಬಹುದು. ಆ ಲೋಕ ಇರುವುದು ನನ್ನ ಕ್ಲಾಸಿನ ಒಬ್ಬ ಹುಡುಗಿಯ ಮನೆಯ ಕಂಪ್ಯೂಟರಿನಲ್ಲಿ. ಹಾಗಾಗಿ ಅವಳೇ ಅದರ ಯಜಮಾನಿ. "ನೀನು ಮಾತಾಡ್ಲೇಬೇಕು ಅಂತ ಇಲ್ಲ, ಕಟ್ಲಿಕ್ಕೆ ಬಾ" ಅಂತ ನನ್ನನ್ನು ಕರೆದದ್ದೂ ಅವಳೇ. ನನ್ನನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡು ಯಾರೂ ಎಲ್ಲಿಗೂ ಕರೆದಿರಲಿಲ್ಲ. ನಾವಿಬ್ಬರಲ್ಲದೆ ಪುರಸೈವಾಕ್ಕಂನ ಪಾತ್ರೆ ಅಂಗಡಿಯವರ ಅವಳಿ ಹುಡುಗರು ಇದ್ರು. ಮತ್ತೆ ಒಬ್ಬ ಅಣ್ಣ ಇದ್ದ. ಯಜಮಾನಿಯ ಅತ್ತೆ ಮಗ, ಎಂಜಿನಿಯರಿಂಗ್ ಓದುವವನು. ಅಣ್ಣ ಅಂದದ್ದು ವಯಸ್ಸಿಗೆ, ಬುದ್ಧಿಗಲ್ಲ. ಕಂಪ್ಯೂಟರಿನಲ್ಲಿ ಇದನ್ನೆಲ್ಲ ಜೋಡಿಸಿ ಕೊಟ್ಟದ್ದೇ ಅವನು, ಹಾಗಾಗಿ ಅವನನ್ನು ಹೊರಗೆ ಹಾಕ್ಲಿಕ್ಕೆ ಆಗುವುದಿಲ್ಲ.

ನಾನು ಅಲ್ಲಿ ಒಂದು ಲೈಬ್ರರಿ ಕಟ್ತಿದ್ದೆ. ಗುಡ್ಡದ ಮೇಲೆ. ಒಳಗೆ ಸುತ್ತು ಮೆಟ್ಟಿಲು, ಎಲ್ಲ ಕಡೆ ಕಿಟಕಿ, ಕಿಟಕಿ ಹತ್ತಿರ ಕೂತು ಓದ್ಲಿಕ್ಕೆ ಒಂದು ಜಗಲಿ. ನಮ್ಮ ನಿಜವಾದ ಮನೆಯಲ್ಲಿ ನಾನು ಓದುವ ಜಾಗ ಅಕ್ಕಿ ಮೂಟೆಗಳ ಪಕ್ಕ. ಹಾಗಾಗಿ ಆ ಜಗಲಿ ನನಗೆ ಸಣ್ಣ ವಿಷಯ ಅಲ್ಲ. ಬೇಸಿಗೆ ರಜೆ ಇಡೀ ಅದಕ್ಕೇ ಹೋಯ್ತು.

ಗೆಲ್ಲಲಿಕ್ಕೆ ಆಡುವವರು ಇರ್ತಾರೆ, ಕಟ್ಟಲಿಕ್ಕೆ ಆಡುವವರು ಇರ್ತಾರೆ. ಬೇರೆಯವರ ಹೊಟ್ಟೆ ಉರಿಸ್ಲಿಕ್ಕೇ ಆಡುವವರೂ ಇರ್ತಾರೆ. ಅವರು ಮಾಡುವುದಕ್ಕೆ ಗೇಮಿನವರ ಭಾಷೆಯಲ್ಲಿ ಗ್ರೀಫಿಂಗ್, ಅಂದ್ರೆ ದುಃಖ ಕೊಡುವುದು, ಅಂತ ಹೆಸರು. ಆ ಹೆಸರಿಟ್ಟವರು ತುಂಬ ಮರ್ಯಾದಸ್ಥರಿರಬೇಕು. ನಾನಾಗಿದ್ರೆ ಬೇರೆ ಇಡ್ತಿದ್ದೆ. ಅಮ್ಮ ಇಲ್ಲೇ ಪಕ್ಕದಲ್ಲಿ ಇದ್ದಾರೆ, ಹೇಳುವುದಿಲ್ಲ.

ಬೋರ್ಡು

ಒಂದು ದಿನ ಶಾಲೆಯಿಂದ ಬಂದು ನೋಡ್ತೇನೆ, ಲೈಬ್ರರಿಗೆ ಒಂದು ಕಡೆ ಗೋಡೆಯೇ ಇಲ್ಲ. ಪುಸ್ತಕದ ಕಪಾಟುಗಳೂ ಇಲ್ಲ. ಕಪಾಟುಗಳಿದ್ದ ಜಾಗದಲ್ಲಿ ಒಂದು ಕುಂಬಳಕಾಯಿ. ಅದಕ್ಕೆ ಕಣ್ಣು ಬಾಯಿ ಬೇರೆ ಕೊರೆದು ಇಟ್ಟಿದ್ದಾರೆ. ನನ್ನನ್ನು ನೋಡಿ ಹಲ್ಲು ಕಿರೀತಾ ಉಂಟು.

ನಾನು ಚಾಟಿನಲ್ಲಿ ಕೇಳಿದೆ, "ಯಾರು ಮಾಡಿದ್ದು?" ಬರೆಯುವಾಗ ನನಗೆ ನಾಚಿಕೆ ಇಲ್ಲ. ನಮ್ಮ ಮಾತೆಲ್ಲ ತಮಿಳು, ಇಲ್ಲಿ ಕನ್ನಡ ಮಾಡಿ ಹೇಳ್ತಿದ್ದೇನೆ; ಅಣ್ಣ ಹುಡುಗಿಯರಿಗೆಲ್ಲ ಹಚ್ಚುವ 'ಮಾ' ಮಾತ್ರ ಹಾಗೇ ಇಟ್ಟಿದ್ದೇನೆ.

ಅಣ್ಣ ಕೂಡ್ಲೇ ಬರೆದ, "ನಾನೇ ಮಾ. ಒಲೆಗೆ ಸೌದೆ ಇರಲಿಲ್ಲ. ಕಪಾಟು ಮರದ್ದಲ್ವಾ, ಚೆನ್ನಾಗಿ ಉರೀತು."

"ಅದು ನನ್ನದು!"

"ಗೇಮ್ ಒಡೀಲಿಕ್ಕೆ ಬಿಡ್ತದೆ ಮಾ. ಬಿಡುವುದನ್ನು ಮಾಡಿದ್ರೆ ಅದು ತಪ್ಪು ಹೇಗೆ?"

ನನಗೆ ಮೈಯೆಲ್ಲ ಉರಿದು ಹೋಯ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರ ಜಡೆ ಎಳೀಲಿಕ್ಕೂ ಕೈ ತಲುಪ್ತದೆ. ಹಾಗಂತ ಎಳೀತಾರಾ? ಇದೇ ಮಾತನ್ನು ಅವನಿಗೆ ಬರೀಬಹುದಿತ್ತು. ಆದ್ರೆ ನನಗೆ ಹೊಳೆದದ್ದು ಮಾರನೇ ದಿನ, ಸ್ನಾನ ಮಾಡುವಾಗ. ನನ್ನ ಒಳ್ಳೊಳ್ಳೆ ಉತ್ತರಗಳನ್ನೆಲ್ಲ ಕೇಳಿದ್ದು ಸಾಬೂನು ಮಾತ್ರ.

ಕೆಳಗೆ ಅಪ್ಪನ ಹತ್ತಿರ ಹೋದೆ. ಕ್ಯಾಶ್ ಕೌಂಟರಿನಲ್ಲಿ ಕೂತಿದ್ರು. "ಅಪ್ಪಾ, ನನ್ನ ಲೈಬ್ರರಿ ಒಡೆದು ಹಾಕಿದ್ರು."

ಅಪ್ಪ ಎದ್ದೇ ನಿಂತ್ರು. "ಯಾರು? ಎಲ್ಲಿ? ನಡಿ, ಸ್ಟೇಷನ್ನಿಗೆ ಹೋಗುವಾ!"

"ಗೇಮಿನಲ್ಲಿ ಅಪ್ಪ."

ಕೂತುಕೊಂಡ್ರು. ಸ್ವಲ್ಪ ಯೋಚನೆ ಮಾಡಿ ಕೇಳಿದ್ರು, "ಗೋಡೆಗೆ ಸಿಮೆಂಟು ಸರಿ ಹಾಕಿದ್ದಿಯಾ?"

"ಗೇಮಿನಲ್ಲಿ ಸಿಮೆಂಟು ಹಾಕುವುದಿಲ್ಲ."

"ನೋಡು, ಅದಕ್ಕೇ."

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಇಲ್ಲಿ ನೋಡು" ಅಂತ ಹೋಟೆಲಿನ ಗೋಡೆ ತೋರಿಸಿದ್ರು. ನಮ್ಮ ಗೋಡೆ ತುಂಬ ಬೋರ್ಡು. ಕೈ ತೊಳೆಯುವಲ್ಲಿ ತಲೆ ಬಾಚಬಾರದು. ಕರ್ಟನಿಗೆ ಕೈ ಒರೆಸಬಾರದು. ಸಕ್ಕರೆ ಕಟ್ಟಿಕೊಂಡು ಹೋಗಬಾರದು. ಚಟ್ನಿ ಬಕೆಟಿಗೆ ಸ್ವಂತ ಸೌಟು ಹಾಕಬಾರದು.

"ಒಂದೊಂದು ಬೋರ್ಡಿನ ಹಿಂದೆ ಒಬ್ಬೊಬ್ಬ ಗಿರಾಕಿ ಇದ್ದಾನೆ ಮಗಳೇ," ಅಂದ್ರು ಅಪ್ಪ. "ಆ ಕರ್ಟನಿನವನು ಈಗ್ಲೂ ಬರ್ತಾನೆ. ಈಗ ಅಂಗಿಗೆ ಒರೆಸ್ತಾನೆ. ಅವನದ್ದೇ ಅಂಗಿಗೆ." ದೊಡ್ಡ ಯುದ್ಧ ಗೆದ್ದವರ ಹಾಗೆ ಹೇಳಿದ್ರು. "ನೀನೂ ಒಂದು ಬೋರ್ಡು ಹಾಕು."

ಯಜಮಾನಿಯನ್ನು ಕೇಳಿ ಹಾಕಿದೆ. "ಬೇರೆಯವರು ಕಟ್ಟಿದ್ದನ್ನು ಒಡೆಯಬಾರದು." ಸುತ್ತ ಚಂದದ ಚೌಕಟ್ಟು, ಎರಡು ಬದಿಗೂ ದೀಪ. ಎಲ್ಲರೂ ಬಂದು ನೋಡಿ 'ಓಕೆ' ಅಂತ ಬರೆದ್ರು. ಅಣ್ಣನೂ ಬರೆದ. ನಾನು ಗೋಡೆ, ಕಪಾಟು ಎಲ್ಲ ಹೊಸತಾಗಿ ಕಟ್ಟಿದೆ.

ಮರುದಿನ ಬೋರ್ಡು ಇಲ್ಲ! ಲೋಕವಿಡೀ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಅಣ್ಣನ ಮನೆಯ ಹಾಲಿನಲ್ಲಿ. ದೀಪದ ಸಮೇತ ಗೋಡೆಗೆ ತೂಗು ಹಾಕಿದ್ದಾನೆ.

"ಒಡೀಲಿಲ್ಲ ಮಾ, ಜೋಪಾನವಾಗಿ ತಂದೆ," ಅಂದ. "ಎಷ್ಟು ಚೆನ್ನಾಗಿ ಮಾಡಿದ್ದೀ! ಅಲ್ಲಿ ಗುಡ್ಡದ ಮೇಲೆ ಯಾರು ನೋಡ್ತಾರೆ?"

ನಮ್ಮ ಲೋಕಕ್ಕೆ ರೂಲ್ ಬಂದ ಮೇಲೆ ಮೊದಲು ಕಳುವಾದದ್ದು ರೂಲು.

ಕೋಳಿ

ಬೋರ್ಡು ವಾಪಸ್ ಬಂತು. ಅದರ ಪಕ್ಕ ಇನ್ನೊಂದು ಬೋರ್ಡೂ ಬಂತು. "ಒಡೆಯಬಾರದು, ಕೀಳಬಾರದು, ಕೊಂಡು ಹೋಗಬಾರದು." ಇನ್ನು ಎಂತ ಮಾಡ್ತಾನೆ ನೋಡುವಾ ಅಂತ ನಾನು ಆರಾಮ ಇದ್ದೆ.

ಒಂದು ಸಂಜೆ ಲೈಬ್ರರಿಯ ಬಾಗಿಲು ತೆಗೆದೆ. ಒಳಗಿಂದ ಕೊಕ್ಕೊಕ್ಕೋ ಅಂತ ಶಬ್ದ. ಕೋಳಿ! ನೆಲದ ಮೇಲೆ ಕೋಳಿ, ಮೆಟ್ಟಿಲ ಮೇಲೆ ಕೋಳಿ, ಕಪಾಟಿನ ಮೇಲೆ ಕೋಳಿ. ನನ್ನ ಜಗಲಿಯಲ್ಲಿ ಒಂದು ಕೋಳಿ ಕಿಟಕಿಯಿಂದ ಹೊರಗೆ ನೋಡ್ತಾ ಕೂತಿದೆ. ಆ ಆಟದಲ್ಲಿ ಮೊಟ್ಟೆ ಎಸೆದ್ರೆ ಕೆಲವೊಮ್ಮೆ ಮರಿ ಬರ್ತದೆ. ಅಣ್ಣ ಕಿಟಕಿಯಿಂದ ಎಷ್ಟು ಮೊಟ್ಟೆ ಎಸೆದಿದ್ದಾನೋ ದೇವರಿಗೇ ಗೊತ್ತು.

"ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ ನಾನು. ಬೇಕಾದ್ರೆ ಎಣಿಸಿ ನೋಡು," ಅಂತ ಬರೆದ.

ಅವಳಿ ಹುಡುಗರು ಓಡಿ ಬಂದ್ರು. "ಅಕ್ಕಾ, ಎರಡು ಕತ್ತಿ ಉಂಟು ನಮ್ಮ ಹತ್ತಿರ. ಒಂದು ನಿಮಿಷ ಬಿಡಿ, ಕ್ಲೀನ್ ಮಾಡಿ ಕೊಡ್ತೇವೆ."

ನಾನು ಬಾಗಿಲಿಗೆ ಅಡ್ಡ ನಿಂತೆ. ಮೂರು ತಲೆಮಾರಿನಿಂದ ಸಸ್ಯಾಹಾರಿ ಹೋಟೆಲಿನವರು ನಾವು. ಗೇಮ್ ಆದ್ರೆ ಎಂತ, ಕೋಳಿ ಕೋಳಿಯೇ ಅಲ್ವಾ? ಅದೂ ಲೈಬ್ರರಿಯ ಒಳಗೆ! ಆದ್ರೆ ಹೋಗು ಅಂದ್ರೆ ಹೋಗುವ ಕೋಳಿಗಳಲ್ಲ ಅವು. ಕೈಯಲ್ಲಿ ಕಾಳು ಹಿಡಿದ್ರೆ ಮಾತ್ರ ಹಿಂದೆ ಬರ್ತವೆ. ಹಾಗೆ ಕಾಳು ತೋರಿಸ್ತಾ ತೋರಿಸ್ತಾ, ಹಿಂದೆ ಹಿಂದೆ ನಡೀತಾ, ಸ್ವಲ್ಪ ಸ್ವಲ್ಪವೇ ಹೊರಗೆ ಕರ್ಕೊಂಡು ಹೋಗ್ಲಿಕ್ಕೆ ಶುರು ಮಾಡಿದೆ. ಮೆಟ್ಟಿಲ ಹತ್ತಿರ ಅರ್ಧ ಕೋಳಿಗಳು ಮನಸ್ಸು ಬದಲಾಯಿಸಿ ವಾಪಸ್ ಹೋಗ್ತಿದ್ವು.

ಅಮ್ಮ ಬಟ್ಟೆ ಮಡಚ್ತಾ ಬಂದು ನನ್ನ ಹಿಂದೆ ನಿಂತ್ರು. "ಎಂತ ಮಾಡ್ತಿದ್ದಿ ಮಾರಾಯ್ತಿ? ನಾಳೆ ಟೆಸ್ಟ್ ಇಲ್ವಾ?"

"ಲೈಬ್ರರಿಯಿಂದ ಕೋಳಿ ಹೊರಗೆ ಹಾಕ್ತಿದ್ದೇನೆ."

ಬೈತಾರೆ ಅಂದುಕೊಂಡೆ. ಅಮ್ಮ ಬಗ್ಗಿ ಪರದೆ ನೋಡಿದ್ರು. "ಮೆಲ್ಲ ಮೆಲ್ಲ. ಓಡಬೇಡ, ಅವಕ್ಕೆ ಹೆದರಿಕೆ ಆಗ್ತದೆ. ಅಯ್ಯೋ, ಆ ಸಣ್ಣದು ಮೂಲೆಯಲ್ಲಿ ಬಾಕಿ ಆಯ್ತು ನೋಡು!"

ಅಂತೂ ಕೊನೆಯ ಮರಿಯೂ ಹೊರಗೆ ಹೋಯ್ತು. ಒಂದಕ್ಕೂ ಪೆಟ್ಟಾಗಲಿಲ್ಲ. ನಾನೂ ಅಮ್ಮನೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ಅನ್ನಿಸಿತು. ಎಲ್ಲಿ ಹೋದ್ವು ನೋಡುವಾ ಅಂತ ನಾನು ಬಾಗಿಲಿನ ಹೊರಗೆ ಬಂದೆ.

ಬಾಗಿಲಿನ ಒಂದು ಬದಿಗೆ ಒಬ್ಬ ಅವಳಿ, ಇನ್ನೊಂದು ಬದಿಗೆ ಇನ್ನೊಬ್ಬ ಅವಳಿ. ಕೈಯಲ್ಲಿ ಕತ್ತಿ. ಮಧ್ಯದಲ್ಲಿ ಒಲೆ ಉರೀತಾ ಉಂಟು.

"ತುಂಬ ಥ್ಯಾಂಕ್ಸ್ ಅಕ್ಕಾ," ಅಂದ್ರು. "ಒಳಗೆ ಇನ್ನೂ ಇದ್ರೆ ಹೀಗೇ ಒಂದೊಂದೇ ಕಳಿಸಿ."

ಗೋಡೆ

ಇದು ಸಣ್ಣದು, ಆದ್ರೆ ನೆನೆಸಿದ್ರೆ ಈಗ್ಲೂ ಸಿಟ್ಟು ಬರ್ತದೆ.

"ಬೇರೆಯವರ ಕಟ್ಟಡಕ್ಕೆ ಪ್ರಾಣಿ ಬಿಡಬಾರದು" ಅಂತ ಮೂರನೇ ಬೋರ್ಡು ಬಂತು. ಅಣ್ಣ ಅದಕ್ಕೂ 'ಓಕೆ' ಅಂದ. ಎರಡು ದಿನ ಬಿಟ್ಟು ನೋಡಿದ್ರೆ ನನ್ನ ಲೈಬ್ರರಿಯೇ ಕಾಣ್ತಿಲ್ಲ. ಅದರ ಸುತ್ತ ಕಪ್ಪು ಕಲ್ಲಿನ ಗೋಡೆ, ಆಕಾಶದವರೆಗೆ. ಬಾಗಿಲಿಲ್ಲ. ಅಷ್ಟು ಕಿಟಕಿ ಇಟ್ಟು ಕಟ್ಟಿದ್ದೇನೆ, ಒಂದರಿಂದಲೂ ಬೆಳಕಿಲ್ಲ. ನನ್ನದೇ ಲೈಬ್ರರಿಗೆ ನಾನು ಹೆಗ್ಗಣದ ಹಾಗೆ ನೆಲ ಕೊರೆದು ಕೆಳಗಿಂದ ಹೋಗ್ಬೇಕಾಯ್ತು.

ಸುತ್ತಿಗೆ ತಂದು ಗೋಡೆ ಒಡೀಲಿಕ್ಕೆ ಹೊರಟೆ. ಒಂದು ಕಲ್ಲು ತೆಗೆದಿದ್ದೆ ಅಷ್ಟೇ. ಅಣ್ಣ ಓಡಿ ಬಂದ.

"ಏಯ್ ಏಯ್, ಎಂತ ಮಾ ಇದು?" ಅವನಿಗೆ ನಿಜವಾಗಿ ಬೇಜಾರಾದ ಹಾಗಿತ್ತು. "ಬೇರೆಯವರು ಕಟ್ಟಿದ್ದನ್ನು ಒಡೆಯಬಾರದು ಅಂತ ಬೋರ್ಡು ಬರೆದದ್ದು ನೀನೇ ಅಲ್ವಾ?"

ಕುರ್ಚಿಯ ಹಿಂದೆ

ಆ ಗೋಡೆ ತೆಗೆಸ್ಲಿಕ್ಕೆ ಒಂದು ದಾರಿ ಸಿಕ್ಕಿತು. ಯಜಮಾನಿ ಒಂದು ಶನಿವಾರ ಕತ್ತಿ ಕಾಳಗದ ಸ್ಪರ್ಧೆ ಇಟ್ಟಳು. ಗೆದ್ದವರು ಏನು ಕೇಳಿದ್ರೂ ಮಾಡ್ತೇನೆ ಅಂದಳು. ನಾನು ಜೀವಮಾನದಲ್ಲಿ ಕತ್ತಿ ಹಿಡಿದವಳಲ್ಲ, ಆದ್ರೂ ಹೆಸರು ಕೊಟ್ಟೆ.

ನಮ್ಮ ಆಟದಲ್ಲಿ ಸತ್ತರೆ ನಷ್ಟ ಇಲ್ಲ. ನಮ್ಮ ನಮ್ಮ ಹಾಸಿಗೆಯಲ್ಲಿ ಮತ್ತೆ ಎದ್ದು ಬರುವುದು, ಕತ್ತಿ ತಗೊಳ್ಳುವುದು, ಪುನಃ ಕಾಳಗಕ್ಕೆ ಹೋಗುವುದು. ಮೊದಲ ಸುತ್ತಿನಲ್ಲೇ ಅಣ್ಣ ನನ್ನನ್ನು ಹೊಡೆದ. ಅದಕ್ಕೆ ನನಗೆ ಬೇಸರ ಇಲ್ಲ. ಎದುರೆದುರು ನಿಂತು ಸೋತೆ, ಸರಿ, ಅದು ಆಟ.

ಹಾಸಿಗೆಯಲ್ಲಿ ಕಣ್ಣು ಬಿಟ್ಟೆ. ಪಕ್ಕದಲ್ಲಿ ಅಣ್ಣ ನಿಂತಿದ್ದಾನೆ! ಹೊಡೆದ. ಪುನಃ ಕಣ್ಣು ಬಿಟ್ಟೆ. ಪುನಃ ಹೊಡೆದ. ಕತ್ತಿ ಹುಡುಕುವುದು ಬಿಡಿ, ಹಾಸಿಗೆಯಿಂದ ಕಾಲು ಕೆಳಗೆ ಇಡ್ಲಿಕ್ಕೆ ಬಿಡಲಿಲ್ಲ. "ನನಗೆ ಏಳ್ಲಿಕ್ಕೆ ಬಿಡು" ಅಂತ ಬರೀಲಿಕ್ಕೆ ಹೊರಟೆ. "ನನಗೆ ಏ" ಅನ್ನುವಷ್ಟರಲ್ಲಿ ಸತ್ತೆ. ಅವಸರದಲ್ಲಿ ಅಷ್ಟೇ ಹೋಯ್ತು. ಪುನಃ 'ನನಗೆ ಏ'. ಪುನಃ 'ನನಗೆ ಏ'. ಚಾಟ್ ತುಂಬ ಅದೇ.

"ಅಕ್ಕ ಯಾಕೆ ಹಾಡು ಹೇಳ್ತಿದ್ದಾರೆ?" ಅಂತ ಅವಳಿಗಳು ಕೇಳಿದ್ರು.

ಸ್ಪರ್ಧೆ ಅಣ್ಣ ಗೆದ್ದ. ಏನು ಬೇಕು ಅಂತ ಯಜಮಾನಿ ಕೇಳಿದ್ದಕ್ಕೆ, ಗೋಡೆ ಇನ್ನೂ ಸ್ವಲ್ಪ ಎತ್ತರ ಬೇಕು ಅಂದ.

ಮಧ್ಯಾಹ್ನದ ರಶ್ಶಿನಲ್ಲಿ ಕೆಳಗೆ ಹೋಗಿ ಅಪ್ಪನಿಗೆ ಇದನ್ನು ಹೇಳಿದೆ. ಹೀಗೆ ಒಬ್ಬ ಏಳುವ ಜಾಗದಲ್ಲೇ ಕಾದು ನಿಲ್ಲುವುದು ಯಾವ ನ್ಯಾಯ ಅಪ್ಪ?

ಅಪ್ಪ ಟೇಬಲುಗಳ ಕಡೆ ಕೈ ತೋರಿಸಿದ್ರು. ಅಲ್ಲಿ ಒಬ್ಬೊಬ್ಬರು ಊಟ ಮಾಡುವವರ ಕುರ್ಚಿ ಹಿಂದೆ ಒಬ್ಬೊಬ್ಬರು ಸೀಟಿಗೆ ಕಾಯ್ತಾ ನಿಂತಿದ್ರು. "ಇಲ್ಲಿಯೂ ಅದೇ ಅಲ್ವಾ?"

"ಅಪ್ಪಾ, ಇವರು ಹೊಡೆಯುವುದಿಲ್ಲ!"

ಮೂಲೆ ಟೇಬಲಿನಲ್ಲಿ ಒಬ್ಬರು ಊಟ ಮುಗೀತು ಅನ್ನುವಾಗ ಇನ್ನೊಂದು ಸಲ ಮೊಸರು ಕೇಳಿದ್ರು. ಅವರ ಕುರ್ಚಿ ಹಿಡಿದು ನಿಂತಿದ್ದ ದಪ್ಪ ಮೀಸೆಯವರು ಅವರ ನೆತ್ತಿಯನ್ನೇ ನೋಡ್ತಾ ಇದ್ರು.

"ಹೊಡೆಯುವುದಿಲ್ಲ, ಸರಿ," ಅಂದ್ರು ಅಪ್ಪ. "ಆದ್ರೆ ಅದು ಬೋರ್ಡಿನ ಹೆದರಿಕೆಗಲ್ಲ. ಒಂದು ಕೈಯಲ್ಲಿ ಕುರ್ಚಿ ಉಂಟು, ಇನ್ನೊಂದು ಕೈಯಲ್ಲಿ ಟೋಕನ್ ಉಂಟು."

ಮೈಕ್

ಅಷ್ಟು ಹೊತ್ತಿಗೆ ಲೈಬ್ರರಿಯ ಸುತ್ತ ಎಷ್ಟು ಬೋರ್ಡು ಆಗಿತ್ತು ಅಂದ್ರೆ ಇಲೆಕ್ಷನ್ ಟೈಮಿನ ಬಸ್‌ಸ್ಟಾಪಿನ ಹಾಗೆ ಕಾಣ್ತಿತ್ತು. ಯಜಮಾನಿಗೆ ಸಾಕಾಗಿ ಹೋಯ್ತು.

"ಆಡುವವರೇ ಇಲ್ಲ ಇಲ್ಲಿ, ಎಲ್ಲರೂ ವಕೀಲರು," ಅಂತ ಬರೆದಳು. "ಭಾನುವಾರ ಬೆಳಿಗ್ಗೆ ಎಲ್ಲರೂ ಮೈಕ್ ಹಾಕಿ ಬನ್ನಿ. ಫೇರ್ ಪ್ಲೇ ಅಂದ್ರೆ ಎಂತ ಅಂತ ಎಲ್ಲರೂ ಒಪ್ಪುವ ಹಾಗೆ ಒಂದೇ ಒಂದು ರೂಲ್ ಮಾಡಿ. ಆಗದಿದ್ರೆ ಈ ಲೋಕವನ್ನೇ ಅಳಿಸಿ ಹೊಸತು ಶುರು ಮಾಡ್ತೇನೆ."

ಅಳಿಸುವುದು ಅಂದ್ರೆ ಎಲ್ಲ ಹೋಗ್ತದೆ. ಸುತ್ತು ಮೆಟ್ಟಿಲು, ಜಗಲಿ, ಎಲ್ಲ. ಒಡೆದವನ ಸೌದೆ ಒಲೆಯೂ ಹೋಗ್ತದೆ, ಕಟ್ಟಿದವಳ ಬೇಸಿಗೆ ರಜೆಯೂ ಹೋಗ್ತದೆ, ಎರಡೂ ಒಂದೇ ತೂಕ ಅನ್ನುವ ಹಾಗೆ! ಇದು ಯಾವ ನ್ಯಾಯ ಅಂತ ಕೇಳ್ಬೇಕಿತ್ತು. ಕೇಳ್ಲಿಕ್ಕೆ ಬಾಯಿ ಬೇಕಲ್ಲ.

ಆ ವಾರವಿಡೀ ನಾನು ಅಕ್ಕಿ ಮೂಟೆಗಳ ಎದುರು ನಿಂತು ಭಾಷಣ ಅಭ್ಯಾಸ ಮಾಡಿದೆ. ಮೂಟೆಗಳು ಚೆನ್ನಾಗಿ ಕೇಳಿದ್ವು. ಭಾನುವಾರ ಬಂತು. ನಮ್ಮಲ್ಲಿ ವೈಫೈ ಇರುವುದು ಹೋಟೆಲಿನ ಬಿಲ್ಲಿಂಗ್ ಮಿಷನಿಗೋಸ್ಕರ. ಅದು ಸರಿಯಾಗಿ ಸಿಗುವುದು ಅಡುಗೆಮನೆಯ ಮೇಲಿನ ಮೆಟ್ಟಿಲಿನಲ್ಲಿ ಮಾತ್ರ. ಅಲ್ಲೇ ಕೂತು, ಕಣ್ಣು ಮುಚ್ಚಿ, ಮೈಕ್ ಆನ್ ಮಾಡಿದೆ.

"ಎಲ್ಲರಿಗೂ ನಮಸ್ಕಾರ," ಅಂದೆ. ಅಂದೆ ಅಂತ ನನಗೆ ಅನ್ನಿಸಿತು.

"ಎರಡು ಮಸಾಲೆ, ಒಂದು ರವಾ, ರವಾ ಗರಿಗರಿಯಾಗಿ!" ಅಂತ ಕೆಳಗಿಂದ ಕೂಗಿದ್ರು.

"ಹಲೋ? ಯಾರದು?" ಅಂದಳು ಯಜಮಾನಿ.

"ಬೇರೆಯವರು ಕಷ್ಟಪಟ್ಟು ಮಾಡಿದ್ದಕ್ಕೆ ನಾವು..."

"ಸಾಂಬಾರು ಸಪರೇಟ್!"

"ಅಕ್ಕಾ, ಗೀ ರೋಸ್ಟ್ ಉಂಟಾ?" ಇದು ಅವಳಿಗಳು.

"ಏಯ್, ನಿಮ್ಮದು ಹೋಟೆಲಾ?" ಇದು ಅಣ್ಣ. "ಇಷ್ಟು ದಿನ ಹೇಳಲೇ ಇಲ್ವಲ್ಲ ಮಾ!"

"ಒಂದಕ್ಷರ ಕೇಳ್ತಿಲ್ಲ," ಅಂದಳು ಯಜಮಾನಿ. "ಎಲ್ಲಾದರೂ ಎದುರೆದುರು ಕೂತು ಮಾತಾಡುವಾ. ಎಲ್ಲಿ?"

ಅಷ್ಟರಲ್ಲಿ ಅಪ್ಪ ಮೆಟ್ಟಿಲು ಹತ್ತಿ ಬರ್ತಿದ್ರು. ನನ್ನ ಫೋನಿನಿಂದ ಹುಡುಗರ ಮಾತು ಕೇಳಿ ನಿಂತ್ರು. "ಯಾರದು? ಫ್ರೆಂಡ್ಸಾ?" ಮತ್ತೆ ನಂಬಿಕೆ ಬರದೆ ಕೇಳಿದ್ರು, "ನಿನಗಾ?"

ನಾನು ತಲೆ ಆಡಿಸಿದೆ. ಅಪ್ಪನ ಮುಖ ಟ್ಯೂಬ್‌ಲೈಟ್ ಹತ್ತಿದ ಹಾಗೆ ಸ್ವಲ್ಪ ತಡವಾಗಿ, ಆದ್ರೆ ಪೂರ್ತಿ ಬೆಳಗಿತು. ಫೋನಿಗೆ ಬಗ್ಗಿ, ಅಡುಗೆಮನೆಗೆ ಆರ್ಡರ್ ಹೇಳುವ ಗಂಟಲಿನಲ್ಲಿ ತಮಿಳಿನಲ್ಲೇ ಕರೆದ್ರು. "ಬುಧವಾರ ಶಾಲೆಗೆ ರಜೆ ಅಲ್ವಾ ಮಕ್ಕಳೇ? ಆವತ್ತು ನಮ್ಮ ಹೋಟೆಲಿನಲ್ಲಿ ಗಣಹೋಮ. ಎಲ್ಲರೂ ಊಟಕ್ಕೆ ಬರ್ಬೇಕು, ಬಾರದಿದ್ರೆ ನನಗೆ ಬೇಜಾರಾಗ್ತದೆ!"

ನಾನು ವಾರವಿಡೀ ತಯಾರಿ ಮಾಡಿದ ಆ ಭಾಷಣದಿಂದ ಸಭೆಗೆ ಅರ್ಥವಾದದ್ದು ಒಂದೇ. ಬುಧವಾರ ಊಟ ಉಂಟು.

ಎಲೆ

ಅಪ್ಪ ಎಲೆ ತರ್ಲಿಕ್ಕೆ ಕೋಯಂಬೇಡು ಮಾರ್ಕೆಟ್ಟಿಗೆ ಬೇರೆಯವರನ್ನು ಕಳಿಸ್ಲಿಲ್ಲ, ತಾವೇ ಹೋದ್ರು. ಅಮ್ಮ ಹಾಲಿನವರಿಗೆ, ಹೂವಿನವಳಿಗೆ, ಹೋಮಕ್ಕೆ ಬಂದ ಭಟ್ಟರಿಗೆ, ಎಲ್ಲರಿಗೂ ಹೇಳಿದ್ರು. "ಇವತ್ತು ಇವಳ ಫ್ರೆಂಡ್ಸ್ ಬರ್ತಾರಂತೆ." ಭಟ್ಟರು ನನ್ನ ಹೆಸರಲ್ಲಿ ಒಂದು ಸಂಕಲ್ಪ ಜಾಸ್ತಿ ಮಾಡಿದ್ರು.

ನಾನು ಮಾತ್ರ ಬೆಳಿಗ್ಗೆ ಪುನಃ ಅಕ್ಕಿ ಮೂಟೆಗಳ ಎದುರು ನಿಂತು ಭಾಷಣ ಒಪ್ಪಿಸಿದೆ. ಇವತ್ತು ಬಾಯಿ ಬಿಡದಿದ್ರೆ ಲೈಬ್ರರಿ ಹೋಯ್ತು.

ಎಲ್ಲರೂ ಬಂದ್ರು. ಅಣ್ಣನನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಯಾಕಂದ್ರೆ ಅವನು ತುಂಬ ಒಳ್ಳೆಯ ಹುಡುಗನ ಹಾಗಿದ್ದ. ಕುತ್ತಿಗೆವರೆಗೆ ಗುಂಡಿ ಹಾಕಿದ ಅಂಗಿ, ದಪ್ಪ ಕನ್ನಡಕ. ಅಪ್ಪನಿಗೆ "ವಣಕ್ಕಂ ಅಂಕಲ್" ಅಂತ ಬಗ್ಗಿ ಕೈ ಮುಗಿದ. ಅಪ್ಪ ಕರಗಿ ಹೋದ್ರು. ಬಂದವರಲ್ಲಿ ದೊಡ್ಡವನು ಅವನೇ, ಹಾಗಾಗಿ ಮುಖ್ಯ ಅತಿಥಿಯೂ ಅವನೇ.

ಮೇಲಿನ ಹಾಲಿನಲ್ಲಿ ನೆಲಕ್ಕೆ ಪಂಕ್ತಿ ಹಾಕಿದ್ರು. ಒಂದು ಸಾಲಿನಲ್ಲಿ ನಾವು, ಎದುರಿನ ಸಾಲಿನಲ್ಲಿ ಭಟ್ಟರು ಮತ್ತು ಹೋಟೆಲಿನವರು. ಅಮ್ಮ ಮಕ್ಕಳಿಗೆ ಮೊದಲೇ ಹೇಳಿದ್ರು, "ಎಲ್ಲರೂ ಒಟ್ಟಿಗೆ ಶುರು ಮಾಡುವುದು, ಒಟ್ಟಿಗೆ ಏಳುವುದು. ಮಧ್ಯದಲ್ಲಿ ಯಾರೂ ಏಳುವ ಹಾಗಿಲ್ಲ. ಎಲೆಯಲ್ಲಿ ಬಿಡುವ ಹಾಗೂ ಇಲ್ಲ, ಆಯ್ತಾ?"

ಅನ್ನ, ಸಾರು ಬಂತು. ಯಜಮಾನಿ ನನ್ನ ಕಡೆ ತಿರುಗಿದಳು. "ಹೇಳು. ಫೇರ್ ಪ್ಲೇ ಅಂದ್ರೆ ಎಂತ?"

ನಾನು ಕಲಸಿದ ಅನ್ನವನ್ನೇ ಪುನಃ ಕಲಸಿದೆ. ಅಣ್ಣನೇ ಶುರು ಮಾಡಿದ. "ನಾನು ಹೇಳ್ತೇನೆ. ಬರೆದ ರೂಲನ್ನು ನಾನು ಇದುವರೆಗೆ ಒಂದನ್ನೂ ಮುರಿದಿಲ್ಲ. ಬರೆಯದೇ ಇದ್ದದ್ದನ್ನು ಮಾಡಿದ್ರೆ ಅದು ನನ್ನ ಜಾಣತನ. ಬೇಜಾರಾದ್ರೆ ಅದು ಅವರ..."

ಅಷ್ಟರಲ್ಲಿ ಅಪ್ಪ ಹೋಳಿಗೆ ಹಿಡ್ಕೊಂಡು ಬಂದ್ರು.

ಊರ ಕಡೆ ಊಟದ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳ್ಬೇಕು. ನಮ್ಮಲ್ಲಿ ಎಲೆಯ ಮುಂದೆ ಕೂತವರು ಸಾಕು ಅಂದ್ರೆ ಬಡಿಸುವವರು ಅದನ್ನು ಕೇಳಿಸಿಕೊಳ್ಳುವ ಹಾಗಿಲ್ಲ. ಕೇಳಿಸಿಕೊಂಡ್ರೆ ಅತಿಥಿಗೆ ಅವಮಾನ. ಒತ್ತಾಯ ಮಾಡ್ಬೇಕು, ಅದಕ್ಕೇ ಉಪಚಾರ ಅನ್ನುವುದು. ನಮ್ಮ ಕಡೆಯವರು ಎಲೆಯಲ್ಲಿ ಯಾವಾಗಲೂ ಸ್ವಲ್ಪ ಉಳಿಸಿಕೊಂಡು, ಕೊನೆಗೆ ಒಟ್ಟಿಗೆ ಮುಗಿಸ್ತಾರೆ. ಖಾಲಿ ಎಲೆ ಕಂಡ್ರೆ ತುಂಬಿಸಿಯೇ ತುಂಬಿಸ್ತಾರೆ. ಅಣ್ಣನಿಗೆ ಇದು ಗೊತ್ತಿಲ್ಲ. ಬಿಡಬಾರದು ಅಂತ ಅಮ್ಮ ಹೇಳಿದ್ದಾರಲ್ಲ, ಅವನು ಬಡಿಸಿದ್ದನ್ನೆಲ್ಲ ಗಬಗಬ ಖಾಲಿ ಮಾಡಿದ.

ಅಪ್ಪನಿಗೆ ಖುಷಿಯೋ ಖುಷಿ. "ನೋಡು, ಹುಡುಗ ಹೇಗೆ ಊಟ ಮಾಡ್ತಾನೆ!" ಇನ್ನೆರಡು ಹೋಳಿಗೆ ಬಿತ್ತು. ಅದರ ಮೇಲೆ ತುಪ್ಪ.

"ಪೋದುಂ ಅಂಕಲ್," ಅಂದ ಅಣ್ಣ. ಸಾಕು ಅಂತ.

ಅಪ್ಪ ಪಾಯಸ ಹೊಯ್ದರು.

ಅಣ್ಣ ಬೇಗ ಬೇಗ ತಿಂದ, ಮುಗಿಸಿದ್ರೆ ಬಿಡ್ತಾರೆ ಅಂತ. ಖಾಲಿಯಾಯ್ತು. ಅಪ್ಪ ಪುನಃ ಬಂದ್ರು. ಅಣ್ಣ ತಮಿಳಿನಲ್ಲಿ ಸಾಕು ಅಂದ, ಇಂಗ್ಲಿಷಿನಲ್ಲಿ ಸಾಕು ಅಂದ, ನಮ್ಮ ಹೋಟೆಲಿನವರ ಬಾಯಿಂದ ಕೇಳಿ ಕನ್ನಡದಲ್ಲೂ ಅಂದ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಕೈ ತೆಗಿ ತಂಬೀ, ಪಾಯಸ ಬಿಸಿ ಉಂಟು," ಅಂದ್ರು ಅಪ್ಪ. ಅವನು ಹೆದರಿ ಕೈ ತೆಗೆದ. ಅಪ್ಪ ಹೊಯ್ದರು.

ಏಳ್ಲಿಕ್ಕೆ ನೋಡಿದ. ಎದುರಿನ ಸಾಲಿನಿಂದ ಭಟ್ಟರು ಬೆರಳು ಎತ್ತಿ 'ಉಹುಂ' ಅಂದ್ರು. ಅವರಿನ್ನೂ ಸಾರಿನಲ್ಲಿದ್ರು. ಭಟ್ಟರು ನಿಧಾನ ಊಟದವರು.

ಅಣ್ಣನ ಹಣೆಯಲ್ಲಿ ಬೆವರು, ಕನ್ನಡಕದ ಹಿಂದೆ ನೀರು. ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳು ಮಾ ನಿಮ್ಮ ಅಪ್ಪನಿಗೆ! ಇದು ಎಂತ ಅನ್ಯಾಯ? ಬೇಡ ಅಂತ ಹೇಳ್ತಾ ಇದ್ದೇನೆ, ಕೇಳಿಸಿಕೊಂಡೂ ಹಾಕ್ತಾರೆ! ನಾನು ಕಷ್ಟ ಪಡುವಾಗ ಅವರಿಗೆ ನಗು! ಏಳ್ಲಿಕ್ಕೂ ಇಲ್ಲ, ಬಿಡ್ಲಿಕ್ಕೂ ಇಲ್ಲ, ನಾನು ಮಾಡಿದ ತಪ್ಪಾದ್ರೂ ಎಂತ?"

ಯಜಮಾನಿಯ ಕೈಯಲ್ಲಿದ್ದ ಹಪ್ಪಳ ಅರ್ಧದಲ್ಲೇ ನಿಂತಿತು. ಅವಳು ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗಳೂ ನನ್ನನ್ನೇ ನೋಡಿದ್ರು.

ನಾನು ಬಾಯಿ ತೆಗೆದೆ. ಮಾತು ಹೊರಗೆ ಬಂತು. ಎದುರಿನ ಸಾಲಿಗೂ ಕೇಳುವ ಹಾಗೆ ಬಂತು.

"ಹಾಗಾದ್ರೆ ಇದಕ್ಕೆ ಎಂತ ರೂಲ್ ಮಾಡುವ ಅಣ್ಣಾ? ನೀನೇ ಹೇಳು."

"ಎದುರಿನವರು ಸಾಕು ಅಂದ್ರೆ ಸಾಕು!" ಅಂತ ಅಣ್ಣ ಕಿರುಚಿದ. "ಅಷ್ಟೇ! ಬೋರ್ಡು ಇರ್ಲಿ, ಇಲ್ಲದಿರ್ಲಿ, ಸಾಕು ಅಂದ್ರೆ ನಿಲ್ಲಿಸ್ಬೇಕು!"

ಯಜಮಾನಿ ಎಡಗೈಯಲ್ಲಿ ಫೋನ್ ತೆಗೆದು ಅದನ್ನೇ ಬರೆದಳು. "ಪಾಸ್. ಒಪ್ಪಿಗೆ ಇದ್ದವರು ಕೈ ಎತ್ತಿ." ಅವಳಿಗಳು ಪಾಯಸದ ಕೈ ಎತ್ತಿದ್ರು. ಅಣ್ಣ ಇಬ್ಬರಿಗಿಂತ ಎತ್ತರಕ್ಕೆ ಎತ್ತಿದ. ಲೋಕ ಅಳಿಸುವುದಿಲ್ಲ ಅಂದಳು ಯಜಮಾನಿ. ಇವತ್ತು ಸಂಜೆಯೊಳಗೆ ಗೋಡೆ ತೆಗೀತೇನೆ, ಲೈಬ್ರರಿ ಹತ್ತಿರ ಬರುವಾಗ ಕೇಳಿಯೇ ಬರ್ತೇನೆ ಅಂತ ಅಣ್ಣ ಎಲೆ ಮುಟ್ಟಿ ಆಣೆ ಹಾಕಿದ. ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಆವತ್ತು ಮೊದಲ ಸಲ ಅನ್ನದ ರುಚಿ ಗೊತ್ತಾಯ್ತು.

ನಮ್ಮ ಗಲಾಟೆ ಕೇಳಿ ಅಪ್ಪ ಬಂದ್ರು. "ಎಂತ ತೀರ್ಮಾನ ಆಯ್ತು ಮಕ್ಕಳೇ?"

"ಎದುರಿನವರು ಸಾಕು ಅಂದ ಕೂಡ್ಲೇ ನಿಲ್ಲಿಸ್ಬೇಕು ಅಂತ ಅಪ್ಪ," ಅಂದೆ.

ಅಪ್ಪನ ಮುಖ ಸಣ್ಣದಾಯ್ತು. ಒಂದು ಸಲ ಸಾಕು ಅಂದ ಕೂಡ್ಲೇ ನಿಲ್ಲಿಸುವುದಾ? ಮತ್ತೆ ಉಪಚಾರ ಅಂತ ಒಂದು ಇರುವುದು ಎಂತಕ್ಕೆ? "ಇಂಥ ರೂಲು ಯಾರು ಮಾಡಿದ್ದು?" ಅಂತ ಕೇಳಿದ್ರು.

ನಾವೆಲ್ಲ ಅಣ್ಣನನ್ನು ತೋರಿಸಿದೆವು.

ಅಪ್ಪ ಅವನ ಕಡೆ ತಿರುಗಿದ್ರು. ಕಣ್ಣಲ್ಲಿ ನೀರು ಬರುವಷ್ಟು ಕನಿಕರ ಇತ್ತು. "ಪಾಪ, ಬಹಳ ಸಂಕೋಚದ ಹುಡುಗ," ಅಂದ್ರು. ಅವನ ಎಲೆಗೆ ಇನ್ನೆರಡು ಹೋಳಿಗೆ ಹಾಕಿದ್ರು.